ಟೀ ಅಂಗಡಿಯ ಅನುಮಾನಕ್ಕೆ ಯಾಕಿಷ್ಟು ಕೋಪ?

ತಂತ್ರಜ್ಞಾನದ ದೊಡ್ಡ ಸುದ್ದಿ ಯಾವುದೇ ಬರಲಿ, ನಮ್ಮೂರು ತ್ಯಾಮಗೊಂಡ್ಲಿನ ಟೀ ಅಂಗಡಿಯಲ್ಲಿ ಮೊದಲು ಏಳುವುದು ಅನುಮಾನದ ಮಾತು. ಹೊಸ ಕಾರ್ಖಾನೆಯ ಸುದ್ದಿ ಓದಿದರೆ ‘ಕೆಲ್ಸ ಬತ್ತದೆ ಅಂತ ಬರ್ದವ್ರೆ, ಯಾರ್ಗೆ ಬತ್ತದೆ ಅಂತ ಬರ್ದವ್ರಾ ನೋಡಣ್ಣ’ ಎನ್ನುತ್ತಾರೆ. ಹೊಸ ನಗರದ ಸುದ್ದಿ ಬಂದರೆ ‘ಎಷ್ಟು ಎಕ್ರೆ ಅಂತೆ?’ ಎಂದು ಕೇಳುತ್ತಾರೆ. ಸರ್ಕಾರದ ಹೊಸ ಆ್ಯಪ್ ಬಂತೆಂದರೆ ‘ಇದೇನೇನ್ ಕೇಳ್ತದೋ’ ಎನ್ನುತ್ತಾರೆ. ಇಂಥ ಮಾತು ಕೇಳಿದರೆ ಕೆಲವರಿಗೆ ಸಿಟ್ಟು. ಊರಲ್ಲೇ ಓದಿ ಬೆಂಗಳೂರಿನಲ್ಲಿ ಕೆಲಸ ಹಿಡಿದವರಿಗೆ, ಕೈಗಾರಿಕೆ ಬೇಕೆಂದು ವೇದಿಕೆಯಲ್ಲಿ ಮಾತಾಡುವ ಮುಖಂಡರಿಗೆ, ಟೀವಿಯಲ್ಲಿ ಕೂತು ಹಳ್ಳಿಗೆ ಬುದ್ಧಿ ಹೇಳುವವರಿಗೆ. ಇದು ಅಜ್ಞಾನ, ಅಭಿವೃದ್ಧಿಗೆ ಅಡ್ಡಗಾಲು ಎಂದು ಅವರು ಹೇಳುತ್ತಲೇ ಇದ್ದಾರೆ. ಅವರ ಆಕ್ಷೇಪಗಳನ್ನು ಒಂದೊಂದಾಗಿ ತೆಗೆದುಕೊಂಡು ಉತ್ತರಿಸುವೆ. ಈ ಅನುಮಾನ ನಮ್ಮ ಜನ ಕಂಡು, ಉಂಡು ಗಳಿಸಿದ ತಿಳಿವಳಿಕೆ ಎಂಬುದು ನನ್ನ ವಾದ.

‘ಇವರು ಸುದ್ದಿಯನ್ನು ಪೂರ್ತಿ ಓದುವುದಿಲ್ಲ, ತಲೆಬರಹ ನೋಡಿ ಮಾತಾಡುತ್ತಾರೆ’ ಎಂಬುದು ಮೊದಲ ಆಕ್ಷೇಪ. 2023ರ ಮಾರ್ಚ್ ಮೊದಲ ವಾರವನ್ನು ನೆನಪಿಸಿಕೊಳ್ಳಿ. ಐಫೋನ್ ತಯಾರಿಸುವ ಫಾಕ್ಸ್‌ಕಾನ್ ಕಂಪನಿಯ ಅಧ್ಯಕ್ಷ ಯಂಗ್ ಲಿಯು ಭಾರತಕ್ಕೆ ಬಂದಿದ್ದರು. ತೆಲಂಗಾಣ ಸರ್ಕಾರ ತನ್ನಲ್ಲಿ ಒಂದು ಲಕ್ಷ ಉದ್ಯೋಗ ಎಂದಿತು. ಮರುದಿನವೇ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ನಮ್ಮಲ್ಲಿ 300 ಎಕರೆ, ಒಂದು ಲಕ್ಷ ಉದ್ಯೋಗ ಎಂದರು. ಅದರ ಬೆನ್ನಿಗೇ ಕಂಪನಿ ಹೇಳಿಕೆ ಕೊಟ್ಟಿತು: ಈ ಪ್ರವಾಸದಲ್ಲಿ ಹೊಸ ಹೂಡಿಕೆಯ ಬಗ್ಗೆ ಯಾವುದೇ ಅಂತಿಮ, ಬದ್ಧ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಮಾತುಕತೆ ನಡೆಯುತ್ತಿದೆ. ಆಗ ವಿಧಾನಸಭೆ ಚುನಾವಣೆಗೆ ಎರಡು ತಿಂಗಳಿತ್ತು. ‘ಓಟು ಬಂತಲ್ಲ, ಅದಕ್ಕೆ’ ಎಂದು ಟೀ ಅಂಗಡಿಯಲ್ಲಿ ಅಂದವನು ಒಳಪುಟ ತೆರೆದಿರಲಿಕ್ಕಿಲ್ಲ. ಆದರೂ ಸುದ್ದಿಯ ಹೂರಣ ಅವನಿಗೆ ಸಿಕ್ಕಿತ್ತು. ಪೂರ್ತಿ ಓದಿ ನಂಬಿದವರು ಮೂರೇ ದಿನದಲ್ಲಿ ನಂಬಿಕೆ ತಿದ್ದಿಕೊಳ್ಳಬೇಕಾಯಿತು.

ಇದಕ್ಕೆ ಎದುರಾಳಿಗಳ ಬಳಿ ಒಂದು ಗಟ್ಟಿ ಉತ್ತರವಿದೆ, ಅದನ್ನು ತಳ್ಳಿಹಾಕುವುದಿಲ್ಲ. ‘ಕೊನೆಗೆ ಕಾರ್ಖಾನೆ ಬಂತಲ್ಲ? ನಿಮ್ಮ ಅನುಮಾನ ಸುಳ್ಳಾಯಿತಲ್ಲ?’ ಎಂದು ಕೇಳುತ್ತಾರೆ. ಬಂತು, ನಿಜ. ನಮ್ಮದೇ ಜಿಲ್ಲೆಯಲ್ಲಿ, ದೇವನಹಳ್ಳಿ–ದೊಡ್ಡಬಳ್ಳಾಪುರದ ನಡುವೆ, ಅದೇ 300 ಎಕರೆಯಲ್ಲಿ ಬಂತು. 2025ರಲ್ಲಿ ಅಲ್ಲಿ ಐಫೋನ್ ತಯಾರಿ ಶುರುವಾಯಿತು. ಆ ವರ್ಷದ ಕೊನೆಯ ಹೊತ್ತಿಗೆ ಸುಮಾರು 30,000 ಜನ ಸೇರಿದ್ದಾರೆ, ಅವರಲ್ಲಿ ಬಹುಪಾಲು ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳು ಎಂದು ಪತ್ರಿಕೆಗಳು ಬರೆದವು. ಸಣ್ಣ ವಿಷಯವಲ್ಲ. ಪಿಯುಸಿ, ಐಟಿಐ ಮುಗಿಸಿ ಮನೆಯಲ್ಲಿ ಕೂರಬೇಕಾಗಿದ್ದ ಮಗಳು ಸಂಬಳ ತರುತ್ತಾಳೆಂದರೆ ನಾನು ಸಂತೋಷಪಡುತ್ತೇನೆ, ಊರೂ ಸಂತೋಷಪಡುತ್ತದೆ.

ಆದರೆ ಟೀ ಅಂಗಡಿ ಕೇಳಿದ್ದು ‘ಕಾರ್ಖಾನೆ ಬರುತ್ತದೋ ಇಲ್ಲವೋ’ ಎಂದು ಮಾತ್ರವಲ್ಲ. ಎಂಥ ಕೆಲಸ, ಎಷ್ಟು ಹೊತ್ತು, ಯಾರ ಕೈಕೆಳಗೆ ಎಂದೂ ಕೇಳಿತ್ತು. ಒಂದು ಲಕ್ಷ ಉದ್ಯೋಗದ ಘೋಷಣೆಗೆ ಕೆಲವೇ ದಿನ ಮೊದಲು, 2023ರ ಫೆಬ್ರವರಿಯಲ್ಲಿ, ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ದಿನದ ದುಡಿಮೆಯನ್ನು 12 ಗಂಟೆಯವರೆಗೆ ಎಳೆಯಲು, ಹೆಣ್ಣುಮಕ್ಕಳನ್ನು ರಾತ್ರಿ ಪಾಳಿಗೆ ಹಚ್ಚಲು ದಾರಿಯಾಯಿತು. ವಾರಕ್ಕೆ 48 ಗಂಟೆಯ ಮಿತಿ ಉಳಿಯಿತು. ಮೂರು ತಿಂಗಳಲ್ಲಿ ಮಾಡಿಸಬಹುದಾದ ಹೆಚ್ಚುವರಿ ದುಡಿಮೆ (ಓಟಿ) 75 ಗಂಟೆಯಿಂದ 145 ಗಂಟೆಗೆ ಏರಿತು. ಇದರ ಹಿಂದೆ ಆ್ಯಪಲ್, ಫಾಕ್ಸ್‌ಕಾನ್ ಕಂಪನಿಗಳ ಒತ್ತಾಯವೂ ಇತ್ತೆಂದು ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಬರೆಯಿತು. ಉದ್ಯೋಗದ ಸುದ್ದಿ ಮುಖಪುಟಕ್ಕೆ ಬಂದಾಗ ಗಂಟೆಯ ಲೆಕ್ಕ ಎಲ್ಲಿತ್ತು? ಹೆಣ್ಣುಮಗಳನ್ನು ಕಂಪನಿ ಬಸ್ಸು ಹತ್ತಿಸುವ ತಾಯಿಗೆ ಮೊದಲು ಬೇಕಾದದ್ದು ಆ ಲೆಕ್ಕವೇ.

ನರಸಾಪುರದ ನೆನಪೂ ಜನಕ್ಕೆ ಹೋಗಿಲ್ಲ. ಕೋಲಾರ ಜಿಲ್ಲೆಯ ಆ ಊರಲ್ಲಿ ವಿಸ್ಟ್ರಾನ್ ಕಂಪನಿಯ ಐಫೋನ್ ಕಾರ್ಖಾನೆಯಿತ್ತು. 2020ರ ಡಿಸೆಂಬರ್ 12ರಂದು ಕಾರ್ಮಿಕರು ಅಲ್ಲಿ ಗಾಜು ಒಡೆದರು, ವಾಹನ ಸುಟ್ಟರು. ಅದು ತಪ್ಪು. ಮೊದಲ ದಿನಗಳ ಸುದ್ದಿಯಲ್ಲಿ ಬಂದದ್ದು 437 ಕೋಟಿ ರೂಪಾಯಿ ನಷ್ಟ, ರಾಜ್ಯದ ಹೆಸರಿಗೆ ಕಳಂಕ, ಹೊರಗಿನವರ ಪಿತೂರಿ. ‘ಸಂಬ್ಳ ಕೊಟ್ಟಿರಲ್ಲ ಬಿಡು’ ಎಂದು ಅನುಮಾನಿಸಿದವರನ್ನು ಕೇಳುವವರಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಏನಾಯಿತು? ಕಂಪನಿಯೇ ತೈವಾನ್ ಷೇರುಪೇಟೆಗೆ ಕೊಟ್ಟ ಲೆಕ್ಕದಲ್ಲಿ ನಷ್ಟ 26ರಿಂದ 52 ಕೋಟಿಗೆ ಇಳಿಯಿತು. ಕಾರ್ಮಿಕರು ಐದು ಸಾವಿರದಿಂದ ಹತ್ತೂವರೆ ಸಾವಿರಕ್ಕೆ ಏರಿದ್ದರೂ ಸಂಬಳ, ಹಾಜರಿ ನೋಡುವ ವ್ಯವಸ್ಥೆ ಅದಕ್ಕೆ ತಕ್ಕಂತೆ ಇರಲಿಲ್ಲವೆಂದು ರಾಜ್ಯದ ಕಾರ್ಖಾನೆಗಳ ಇಲಾಖೆ ವರದಿ ಕೊಟ್ಟಿತು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿಲ್ಲವೆಂದು ಒಪ್ಪಿ ಕಂಪನಿ ಕ್ಷಮೆ ಕೇಳಿತು, ತನ್ನ ಉಪಾಧ್ಯಕ್ಷರನ್ನು ತೆಗೆಯಿತು. ಆ್ಯಪಲ್ ಆ ಕಂಪನಿಗೆ ಹೊಸ ಆರ್ಡರ್ ನಿಲ್ಲಿಸಿತು. ಇವೆಲ್ಲ ದಾಖಲೆಯ ಮಾತು. ಈಗ ಹೇಳಿ, ಆ ಡಿಸೆಂಬರಿನಲ್ಲಿ ಸತ್ಯಕ್ಕೆ ಹತ್ತಿರವಿದ್ದವರು ಯಾರು?

ಮುಂದಿನ ಆಕ್ಷೇಪದಲ್ಲಿ ಬೆದರಿಕೆಯಿದೆ. ‘ಹೀಗೆ ಅನುಮಾನಿಸುತ್ತಾ ಕೂತರೆ ಕಂಪನಿಗಳು ಪಕ್ಕದ ರಾಜ್ಯಕ್ಕೆ ಹೋಗುತ್ತವೆ.’ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರಿಗೂ ಇದನ್ನೇ ಹೇಳಿದ್ದರು. ವೈಮಾನಿಕ ಉದ್ಯಮಕ್ಕಾಗಿ ಅಲ್ಲಿನ 13 ಹಳ್ಳಿಗಳ 1,777 ಎಕರೆ ತೆಗೆದುಕೊಳ್ಳಲು ಸರ್ಕಾರ ಹೊರಟಿತ್ತು. 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ರೈತರು ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಟ್ಟಿದ್ದೇವೆ ಎಂದರು. ಅದೇ ದಿನ ಆಂಧ್ರದ ಸಚಿವ ನಾರಾ ಲೋಕೇಶ್ ‘ನಮ್ಮಲ್ಲಿಗೆ ಬನ್ನಿ, ಸಿದ್ಧವಾದ ಜಾಗವಿದೆ’ ಎಂದು ಕಂಪನಿಗಳನ್ನು ಕರೆದರು. ನಮ್ಮ ಎದುರಾಳಿಗಳು ಈಗಲೂ ಆ ಕರೆಯನ್ನು ತೋರಿಸಿ ರೈತರನ್ನು ದೂರುತ್ತಾರೆ. ರಾಗಿ, ತರಕಾರಿ, ಹೂವು, ಹಾಲಿನಿಂದ ಬದುಕುವ ಕುಟುಂಬ ತನ್ನ ನೆಲ ಯಾಕೆ ಬೇಕೆಂದು ಕೇಳಿದ್ದು ಯಾವ ಅಪರಾಧ? ಜಾಗ ಸಿಗದೆ ಹೋಗುವ ಕಂಪನಿ ಇರಬಹುದು. ಅದಕ್ಕಾಗಿ ಪ್ರಶ್ನೆ ಕೇಳುವವನ ಬಾಯಿ ಮುಚ್ಚಿಸುವ ಹಕ್ಕು ಯಾರಿಗೂ ಬರುವುದಿಲ್ಲ.

ಅದೇ ಬೆದರಿಕೆ ಇನ್ನೊಂದು ಕಡೆಯೂ ಕೆಲಸ ಮಾಡಿತು. ಖಾಸಗಿ ಕಂಪನಿಗಳ ಆಡಳಿತದ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ 2024ರ ಜುಲೈ 15ರಂದು ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಐಟಿ ಉದ್ಯಮದವರು ವಿರೋಧಿಸಿದರು. ಎರಡೇ ದಿನದಲ್ಲಿ ಮಸೂದೆಯನ್ನು ತಡೆಹಿಡಿಯಲಾಯಿತು. ಮಸೂದೆ ಸರಿಯೋ ತಪ್ಪೋ, ಚರ್ಚೆ ಇರಲಿ. ರೈತರ ಮಾತು ಕೇಳಿಸಲು ಮೂರು ವರ್ಷ, ಉದ್ಯಮಿಗಳ ಮಾತು ಕೇಳಿಸಲು ಎರಡು ದಿನ. ‘ತಂತ್ರಜ್ಞಾನದಲ್ಲಿ ರಾಜಕೀಯ ತರಬೇಡಿ’ ಎಂದು ನಮಗೆ ಬುದ್ಧಿ ಹೇಳುವವರು ಈ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಲಿ. ರಾಜಕೀಯ ಅಲ್ಲಿ ಮೊದಲೇ ಇದೆ, ಜನ ಅದನ್ನು ಗುರುತಿಸಿ ಹೇಳುತ್ತಿದ್ದಾರೆ.

‘ಮೊಬೈಲ್ ಬೇಕು, ಗೂಗಲ್ ಪೇ ಬೇಕು, ಆದರೆ ತಂತ್ರಜ್ಞಾನ ಬೇಡ’ ಎಂದು ಹಂಗಿಸುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. 2000ರ ಆಚೀಚೆ ಬಂದ ಭೂಮಿ ಯೋಜನೆಯನ್ನು ಈ ಜನ ಹೇಗೆ ಬರಮಾಡಿಕೊಂಡರು ಎಂಬುದನ್ನು ನೋಡಿದರೆ ಸಾಕು. ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಶಾನುಭೋಗರ ಕಾಲದಿಂದ ನಡೆದುಬಂದ ಕೈಬರಹದ ಪಹಣಿಯ ಜಾಗದಲ್ಲಿ 15 ರೂಪಾಯಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಹಾಳೆ ಸಿಕ್ಕಿತು. ಕಂಪ್ಯೂಟರ್ ಬೇಡ ಎಂದು ಯಾರೂ ಬೀದಿಗಿಳಿಯಲಿಲ್ಲ. ಕೆಲಸಕ್ಕೆ ಬಂದದ್ದನ್ನು ಒಪ್ಪಿಕೊಳ್ಳಲು ಹಳ್ಳಿಗೆ ಪಾಠ ಬೇಕಾಗಿಲ್ಲ.

‘ಮುಚ್ಚಿಡುವುದೇನೂ ಇಲ್ಲದಿದ್ದರೆ ಹೆದರಿಕೆ ಯಾಕೆ?’ ಎಂಬ ಮಾತು ಕೇಳಿದರೆ ನನಗೆ ನೋವಾಗುತ್ತದೆ, ಏಕೆಂದರೆ ಇದನ್ನು ಹೇಳುವವರು ಬಡವನ ಪರಿಸ್ಥಿತಿಯನ್ನು ಒಂದು ಗಳಿಗೆಯೂ ಯೋಚಿಸಿರುವುದಿಲ್ಲ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ರೂಪಾಯಿ ತೆರಿಗೆ ಕೇಳಲಾಯಿತು. ಹಸಿ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ವಹಿವಾಟು ಬೇರೆ, ಲಾಭ ಬೇರೆ ಎಂಬುದು ಸಂತೆಗೆ ಹೋಗುವ ಹುಡುಗನಿಗೂ ಗೊತ್ತು. ಆ ವ್ಯಾಪಾರಿ ಏನನ್ನೂ ಮುಚ್ಚಿಟ್ಟಿರಲಿಲ್ಲ. ಎಲ್ಲವೂ ಬ್ಯಾಂಕಿನ ಮೂಲಕವೇ ನಡೆದಿತ್ತು, ಅದಕ್ಕೇ ಸಿಕ್ಕಿಬಿದ್ದರು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಕೋಡ್ ಚೀಟಿಗಳು ಕೆಳಗಿಳಿದು ‘ಕ್ಯಾಶ್ ಮಾತ್ರ’ ಎಂಬ ಬರಹ ಏರಿತು. ಮುಷ್ಕರದ ಕರೆ ಬಂದ ಮೇಲೆ ಮುಖ್ಯಮಂತ್ರಿಗಳೇ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ವಸೂಲಿ ಮಾಡುವುದಿಲ್ಲವೆಂದು ಹೇಳಬೇಕಾಯಿತು. ‘ಸ್ಕ್ಯಾನ್ ಮಾಡುದ್ರೆ ಎಲ್ಲಾ ಲೆಕ್ಕ ಅವ್ರತ್ರ ಹೋಯ್ತದೆ’ ಎಂದು ಅದಕ್ಕೂ ಮೊದಲೇ ಹೇಳುತ್ತಿದ್ದವರನ್ನು ಹಳೇ ಕಾಲದವರು ಎಂದು ಕರೆಯುತ್ತಿದ್ದೆವು.

ಬೆರಳಚ್ಚಿನ ಕತೆಯೂ ಇದೇ. ಆಸ್ತಿ ನೋಂದಣಿ ಮಾಡಿಸಿ ಬಂದವರ ಬ್ಯಾಂಕ್ ಖಾತೆಯಿಂದ ಆಧಾರ್ ಬೆರಳಚ್ಚಿನ ಪಾವತಿ ದಾರಿಯಲ್ಲಿ ಹಣ ಹೋದ ದೂರುಗಳು 2023ರಲ್ಲಿ ರಾಜ್ಯದಲ್ಲಿ ಸಾಲುಗಟ್ಟಿದವು. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಪೊಲೀಸರೇ ಹೇಳಿದರು. ಈ ಅನುಮಾನಕ್ಕೆ ದೇಶದಲ್ಲೇ ದೊಡ್ಡ ಗೌರವ ತಂದುಕೊಟ್ಟವರು ನಮ್ಮ ಕರ್ನಾಟಕದವರೇ. ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಪುಟ್ಟಸ್ವಾಮಿ ಮುಚ್ಚಿಟ್ಟದ್ದಾದರೂ ಏನಿತ್ತು?

ಉಳಿದ ಆಕ್ಷೇಪಗಳಲ್ಲಿ ಒಂದು ಮಾತ್ರ ಗಂಭೀರವಾದದ್ದು: ಇಂಥ ಹಗುರ ಅನುಮಾನವೇ ವದಂತಿಗೆ ತಾಯಿ. 2018ರಲ್ಲಿ ಮಕ್ಕಳ ಕಳ್ಳರ ವಾಟ್ಸ್‌ಆ್ಯಪ್ ಸಂದೇಶ ಹರಿದಾಡಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರೊಬ್ಬರನ್ನು ಗುಂಪು ಹೊಡೆದು ಕೊಂದಿತು. ಅವರ ಜೊತೆಗಿದ್ದವರು ಮಾಡಿದ್ದು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಅಲ್ಲಿ ಕೊಂದದ್ದು ಅನುಮಾನವಲ್ಲ, ಸಂದೇಶದ ಮೇಲಿಟ್ಟ ನಂಬಿಕೆ. ‘ಇದನ್ನು ಕಳಿಸಿದವರ್ಯಾರು, ನೀನು ಕಂಡ್ಯಾ?’ ಎಂದು ಆ ಗುಂಪಿನಲ್ಲಿ ಒಬ್ಬ ಕೇಳಿದ್ದರೂ, ಅವನ ಮಾತನ್ನು ನಾಲ್ಕು ಜನ ಕೇಳಿಸಿಕೊಂಡಿದ್ದರೂ, ಆ ಜೀವ ಉಳಿಯುತ್ತಿತ್ತೇನೋ. ಕಾರ್ಖಾನೆಯ ಸುದ್ದಿಗೆ ಹಾಕುವ ಪ್ರಶ್ನೆಯನ್ನೇ ಮೊಬೈಲಿಗೆ ಬಂದ ವಿಡಿಯೊಗೂ ಹಾಕಿ ಎಂದು ನಮ್ಮ ಹುಡುಗರಿಗೆ ನಾನು ಹೇಳುವುದು ಇದಕ್ಕೇ. ಅನುಮಾನ ಕಡಿಮೆಯಾಗಿ ಈ ನಾಡಿನಲ್ಲಿ ಆದ ಅನಾಹುತ ಜಾಸ್ತಿ.

ಈಗ ನಮ್ಮ ಮನೆಬಾಗಿಲಿಗೇ ಸುದ್ದಿ ಬಂದಿದೆ. ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆಯವರೆಗಿನ ಪಟ್ಟಿಯಲ್ಲಿ 5,800 ಎಕರೆಯ ಕ್ವಿನ್ ಸಿಟಿ ಎಂಬ ಹೊಸ ನಗರವನ್ನು 2024ರ ಸೆಪ್ಟೆಂಬರಿನಲ್ಲಿ ವಿಧಾನಸೌಧದಲ್ಲಿ ಘೋಷಿಸಿದರು. ಸುಮಾರು 40,000 ಕೋಟಿ ಬಂಡವಾಳ, ಜ್ಞಾನ, ಆರೋಗ್ಯ, ಸಂಶೋಧನೆ ಎಂದರು. ಪಕ್ಕದ ಸೋಂಪುರ ಹೋಬಳಿಯಲ್ಲಿ ಕೈಗಾರಿಕಾ ಪ್ರದೇಶ ಬೆಳೆದದ್ದನ್ನು, ಹೆದ್ದಾರಿಯುದ್ದಕ್ಕೂ ಗೋದಾಮು ಎದ್ದದ್ದನ್ನು ತ್ಯಾಮಗೊಂಡ್ಲು ಕಣ್ಣಾರೆ ಕಂಡಿದೆ. ಅಲ್ಲಿ ಯಾರಿಗೆ ಯಾವ ಕೆಲಸ ಸಿಕ್ಕಿತೆಂದು ಮನೆಮನೆಗೂ ಗೊತ್ತು. ಹಾಗಾಗಿ ಜನ ಕೇಳುತ್ತಾರೆ, ಕೇಳಬೇಕು.

ನಮ್ಮನ್ನು ಓದದವರು ಎಂದು ಹಂಗಿಸುವ ಊರಿನ ಓದಿದ ಮಕ್ಕಳಿಗೆ ಒಂದು ಮನವಿ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಕಾಯ್ದೆಯ 28(1)ರಡಿ ಭೂಮಿಗೆ ಪ್ರಾಥಮಿಕ ಅಧಿಸೂಚನೆ ಹೊರಟು ನೋಟಿಸ್ ಬಂದ ಮೇಲೆ ಆಕ್ಷೇಪಣೆ ಸಲ್ಲಿಸಲು ಮಾಲೀಕರಿಗೆ ಸಿಗುವುದು 30 ದಿನ. ಭಾನುವಾರ ಊರಿಗೆ ಬಂದಾಗ ಟೀ ಅಂಗಡಿಯವರಿಗೆ ಬುದ್ಧಿ ಹೇಳುವ ಬದಲು ಆ ಅಧಿಸೂಚನೆಗಳನ್ನು ಹುಡುಕಿ ತನ್ನಿ, ಸರ್ವೆ ನಂಬರ್ ಸಹಿತ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ಎಷ್ಟು ಕೆಲಸ, ಎಷ್ಟು ಕಾಯಂ, ಎಷ್ಟು ಗುತ್ತಿಗೆ ಎಂಬುದನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ನೀವೇ ಸರ್ಕಾರಕ್ಕೆ ಅರ್ಜಿ ಹಾಕಿ. ನಿಮ್ಮ ಓದು ಊರಿಗೆ ಬೇಕಾಗಿರುವುದು ಅಲ್ಲಿ.