ಪೆಂಗ್ವಿನ್ ಊಟ ಪೆಂಗ್ವಿನ್‌ಗೇ ಇರಲಿ



ಅಂಟಾರ್ಕ್ಟಿಕಾ ಸಮುದ್ರದಲ್ಲಿ ಕ್ರಿಲ್ ಎಂಬ ಜೀವಿ ಇದೆ. ನೋಡಲು ಸಿಗಡಿ ಹಾಗೆ. ಉದ್ದ ಬರೀ 6 ಸೆಂಟಿಮೀಟರ್, ತೂಕ ಸುಮಾರು 2 ಗ್ರಾಂ. ಆದರೆ ಪ್ರಪಂಚದಲ್ಲೇ ದೊಡ್ಡ ಪ್ರಾಣಿಯಾದ ನೀಲಿ ತಿಮಿಂಗಿಲ ಅಲ್ಲಿ ಬದುಕುವುದು ಇದನ್ನೇ ತಿಂದು. ಪೆಂಗ್ವಿನ್, ಸೀಲ್‌ಗಳಿಗೂ ಇದೇ ಊಟ.

ಕ್ರಿಲ್ ಮರಿಗಳು ಚಳಿಗಾಲದಲ್ಲಿ ಮಂಜುಗಡ್ಡೆಯ ಕೆಳಗಿನ ಪಾಚಿ ತಿಂದು ಜೀವ ಹಿಡಿಯುತ್ತವೆ. ಭೂಮಿ ಬಿಸಿಯಾಗಿ ಮಂಜು ಕರಗಿದರೆ ಅವಕ್ಕೆ ಕಷ್ಟ. ಸಾಲದ್ದಕ್ಕೆ ದೊಡ್ಡ ಹಡಗುಗಳು ಬಂದು ಕ್ರಿಲ್ ಹಿಡಿಯುತ್ತವೆ. ಅದು ಸಾಕಿದ ಮೀನಿಗೆ ಮೇವಾಗುತ್ತೆ, ಎಣ್ಣೆ ಮಾತ್ರೆಯಾಗುತ್ತೆ.

ಕೋಟಿಗಟ್ಟಲೆ ಟನ್ ಇದೆಯಲ್ಲ, ಸ್ವಲ್ಪ ಹಿಡಿದರೇನು ಅಂತ ಕೆಲವರು ಕೇಳಬಹುದು. ಇರೋದು ನಿಜ. ಆದರೆ ಹಡಗುಗಳು ಸೇರುವುದು ಪೆಂಗ್ವಿನ್, ತಿಮಿಂಗಿಲ ಮೇಯುವ ಜಾಗದಲ್ಲೇ. ಆ ಭಾಗಕ್ಕೆ ವರ್ಷಕ್ಕೆ 6 ಲಕ್ಷ 20 ಸಾವಿರ ಟನ್ ಮಿತಿ ಇದೆ. 2025ರಲ್ಲಿ ಮೊದಲ ಸಲ ಅದು ಮುಟ್ಟಿ, ಆಗಸ್ಟ್‌ನಲ್ಲೇ ಹಿಡಿಯುವುದನ್ನು ನಿಲ್ಲಿಸಬೇಕಾಯಿತು. ಹಡಗು ಎಷ್ಟು ದೂರ ಬೇಕಾದರೂ ಹೋಗುತ್ತೆ. ಮರಿ ಬಿಟ್ಟು ಪೆಂಗ್ವಿನ್ ಹೋಗೋಕಾಗುತ್ತಾ?

ಮರಿ ಸಾಕುವ ತಿಂಗಳಲ್ಲಿ ಕೆಲವು ಕಂಪನಿಗಳು ತಾವಾಗಿ ದೂರ ಇರುತ್ತವೆ. ಅಷ್ಟು ಸಾಲದು, ಅದು ಕಾನೂನಾಗಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿಯ ನಿಯಮ ಮಾಡುವ ದೇಶಗಳ ಆಯೋಗದಲ್ಲಿ 1986ರಿಂದ ಭಾರತವೂ ಸದಸ್ಯ. ನಮ್ಮ ದೇಶ ಇದನ್ನು ಗಟ್ಟಿಯಾಗಿ ಹೇಳಲಿ. ನೀವೇನಂತೀರಿ?

– 7ನೇ ತರಗತಿ ವಿದ್ಯಾರ್ಥಿನಿ