ನಕಲು ಮಾಡುವುದಾದರೆ ಪೂರ್ತಿ ಕಲಿಯೋಣ

ಜೀನ್ಸ್ ತೊಟ್ಟ ಹುಡುಗರನ್ನು ಕಂಡರೆ ‘ಪರದೇಶದವರ ನಕಲು’ ಎನ್ನುವವರು ನಮ್ಮಲ್ಲಿ ಬಹಳ. ಆದರೆ ನಕಲು ಮಾಡುವುದೇ ತಪ್ಪೇ? ಜಪಾನಿನ ‘ಶಿಬುಕಾಜಿ’ ಫ್ಯಾಷನ್ನಿನ ಬಗ್ಗೆ ಓದಿದ ಮೇಲೆ ನನಗೆ ಹಾಗೆ ಅನಿಸುವುದಿಲ್ಲ.

ಟೋಕಿಯೊದ ಶಿಬುಯಾ ಬಡಾವಣೆಯ ಹೆಸರಿಗೆ ‘ಕ್ಯಾಶುವಲ್’ ಪದ ಸೇರಿ ಈ ಹೆಸರು ಹುಟ್ಟಿತು. 1980ರ ದಶಕದ ಕೊನೆಯಲ್ಲಿ ಅಲ್ಲಿ ಸೇರುತ್ತಿದ್ದ ನಮ್ಮ ವಯಸ್ಸಿನ ವಿದ್ಯಾರ್ಥಿಗಳು ಡಿಸೈನರ್ ಉಡುಪು ಬಿಟ್ಟು, ಅಮೆರಿಕದವರಂತೆ ಲೀವೈಸ್ 501 ಜೀನ್ಸ್, ಪೋಲೊ ಅಂಗಿ, ಕಡುನೀಲಿ ಬ್ಲೇಜರ್ ತೊಟ್ಟರು. ಅವರಲ್ಲಿ ಅನೇಕರು ಅನುಕೂಲಸ್ಥರ ಮಕ್ಕಳು. ಇಷ್ಟೇ ಆಗಿದ್ದರೆ ನಾನೂ ಅದನ್ನು ಶೋಕಿ ಎಂದು ಬಿಟ್ಟುಬಿಡುತ್ತಿದ್ದೆ.

ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಬಟ್ಟೆ ಹೊಲಿದವರ ಕಥೆ ಹೆಚ್ಚು ಮುಖ್ಯ. ಒಕಾಯಾಮಾ ಪ್ರಾಂತ್ಯದ ಕೊಜಿಮಾ, ಶಾಲಾ ಸಮವಸ್ತ್ರ ಹೊಲಿಯುವ ಊರು. 1960ರ ದಶಕದಲ್ಲಿ ಅಲ್ಲಿನ ಒಂದು ಕಾರ್ಖಾನೆ ಅಮೆರಿಕದಿಂದ ಡೆನಿಮ್ ತರಿಸಿ ಜೀನ್ಸ್ ಹೊಲಿಯಲು ಕಲಿತು, ‘ಬಿಗ್ ಜಾನ್’ ಎಂಬ ಸ್ವಂತ ಹೆಸರಿನಲ್ಲಿ ಮಾರಿತು. ಮುಂದಿನ ದಶಕದಲ್ಲಿ ಜಪಾನಿನ ಗಿರಣಿಗಳೇ ಡೆನಿಮ್ ನೇಯ್ದವು. ಆಮೇಲೆ ಒಸಾಕಾದ ಕೆಲವರು ಹಳೆಯ ಅಮೆರಿಕನ್ ಜೀನ್ಸಿನ ನೂಲು, ಬಣ್ಣ, ಹೊಲಿಗೆಗಳನ್ನು ಪರೀಕ್ಷಿಸಿ, ಹಳೆಯ ಲಾಳಿ ಮಗ್ಗಗಳಲ್ಲಿ ಅಂಥದೇ ಬಟ್ಟೆ ನೇಯಿಸಿದರು. ಇಂದು ಅಮೆರಿಕದವರೇ ಜಪಾನಿನ ಜೀನ್ಸ್ ಹುಡುಕಿಕೊಂಡು ಕೊಳ್ಳುತ್ತಾರೆ. ಅಮೆರಿಕದ ಹೆಸರಾಂತ ವೈಟ್ ಓಕ್ ಡೆನಿಮ್ ಗಿರಣಿ 2017ರಲ್ಲಿ ಮುಚ್ಚಿತು.

ನಮ್ಮ ಬಳ್ಳಾರಿಯೂ ಜೀನ್ಸ್ ಹೊಲಿಯುವ ಊರು. ನನ್ನ ಮಾಮು ಒಂದು ಘಟಕದಲ್ಲಿ ಟೈಲರ್. ಅವರ ಹೊಲಿಗೆ ನೇರ, ಗಟ್ಟಿ. ಕೊನೆಗೆ ಅದಕ್ಕೆ ಬೀಳುವುದು ಬೇರೆ ಊರಿನ ಕಂಪನಿಯ ಲೇಬಲ್. ಮಾಮುಗೆ ಸಿಗುವುದು ಪೀಸಿನ ಲೆಕ್ಕದ ಕೂಲಿ. ಅಕೌಂಟೆನ್ಸಿಯಲ್ಲಿ ನಾವು ಓದುವ ಗುಡ್‌ವಿಲ್ ಎಂಬ ಆಸ್ತಿ ಪೂರ್ತಿ ಲೇಬಲ್‌ನವರ ಖಾತೆಗೆ ಹೋಗುತ್ತದೆ.

ಕೈಕೆಲಸ ನಮ್ಮಲ್ಲಿದೆ. ಕೊಜಿಮಾದವರು ಅದರ ಜೊತೆಗೆ ಬಟ್ಟೆಯ ಗುಟ್ಟು ಕಲಿತರು, ತಮ್ಮ ಹೆಸರನ್ನೂ ಹಚ್ಚಿದರು. ನಾವು ಮೊದಲ ಮೆಟ್ಟಿಲಲ್ಲೇ ನಿಂತಿದ್ದೇವೆ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ವಾಣಿಜ್ಯ ವಿಭಾಗದ ಸರ್ ಮತ್ತು ಮೇಡಂ ಅವರಲ್ಲಿ ಒಂದು ವಿನಂತಿ. ಈ ವರ್ಷದ ಪ್ರಾಜೆಕ್ಟ್‌ಗೆ ಊರಿನ ಒಂದು ಜೀನ್ಸ್ ಘಟಕವನ್ನೇ ಆರಿಸಿ. ಬಟ್ಟೆಗೆ ಎಷ್ಟು, ಕೂಲಿಗೆ ಎಷ್ಟು, ಸ್ವಂತ ಟ್ರೇಡ್‌ಮಾರ್ಕ್ ನೋಂದಣಿಗೆ ಎಷ್ಟು ಎಂದು ನಾವೇ ಹೋಗಿ ಕೇಳಿ ಲೆಕ್ಕ ಬರೆಯುತ್ತೇವೆ. ಆ ಲೆಕ್ಕವನ್ನು ಮೊದಲು ಮಾಮುಗೆ ತೋರಿಸಬೇಕೆಂದು ನನಗೆ ಆಸೆ.