ಹುಡುಗರು ಕೆಡುವುದೇಕೆ?

ನೆರೆಮನೆಯ ಹುಡುಗನು ಕಳವಿನಲ್ಲಿ ಸಿಕ್ಕಿಬಿದ್ದನೆಂದು ಕೇಳಿದೊಡನೆಯೇ ನಮ್ಮ ಬಾಯಿಂದ ಹೊರಡುವ ಮೊದಲ ಮಾತು, “ಆ ವಂಶವೇ ಹಾಗೆ” ಎಂಬುದು. ಎರಡನೆಯದು, “ಅವನ ಜೊತೆ ಸೇರಬೇಡಿ” ಎಂದು ನಮ್ಮ ಮಕ್ಕಳಿಗೆ ಮಾಡುವ ಕಟ್ಟಪ್ಪಣೆ. ಈ ಎರಡು ಮಾತುಗಳನ್ನೂ ಈ ತಿಂಗಳು ಒರೆಗೆ ಹಚ್ಚಿ ನೋಡೋಣ.

ಅಮೆರಿಕದ ಷಿಕಾಗೋ ನಗರದಲ್ಲಿ 1899ರಲ್ಲಿ ಬಾಲಾಪರಾಧಿಗಳಿಗಾಗಿಯೇ ಪ್ರತ್ಯೇಕ ನ್ಯಾಯಾಲಯವು ಏರ್ಪಟ್ಟಿತು. ಅಲ್ಲಿಗೆ ಬಂದ ಸಾವಿರಾರು ಹುಡುಗರ ಮನೆಗಳನ್ನು ಕ್ಲಿಫರ್ಡ್ ಷಾ, ಹೆನ್ರಿ ಮೆಕೇ ಎಂಬ ವಿದ್ವಾಂಸರು ನಗರದ ನಕ್ಷೆಯ ಮೇಲೆ ಗುರುತಿಸಿ, 1942ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ನಗರದ ನಡುಭಾಗಕ್ಕೂ ಕಾರ್ಖಾನೆಗಳಿಗೂ ಅಂಟಿಕೊಂಡ ಬಡ ಕೇರಿಗಳಲ್ಲಿ ಗುರುತುಗಳು ದಟ್ಟವಾಗಿದ್ದುವು. ಹೊರಗೆ ಹೋದಂತೆಲ್ಲ ವಿರಳವಾದುವು. ಇದರಲ್ಲಿ ಸೋಜಿಗವೇನೆಂದು ವಾಚಕರು ಕೇಳಬಹುದು. ಆ ಕೇರಿಗಳಲ್ಲಿ ಮೊದಲಿದ್ದ ಜರ್ಮನರೂ ಐರಿಷರೂ ಅನುಕೂಲವಂತರಾಗಿ ಹೊರಟುಹೋದ ಮೇಲೆ ಪೋಲೆಂಡಿನವರೂ ಇಟಲಿಯವರೂ ಬಂದು ನೆಲಸಿದರು. ಜನರು ಬದಲಾದರೂ ಅಪರಾಧದ ಪ್ರಮಾಣವು ಅಲ್ಲಿ ಹೆಚ್ಚಾಗಿಯೇ ಉಳಿಯಿತು. ಬಿಟ್ಟುಹೋದವರ ಮಕ್ಕಳಲ್ಲಾದರೋ ಅದು ತಗ್ಗಿತು. ರಕ್ತವೇ ಕಾರಣವಾಗಿದ್ದರೆ ಅದು ಪಾತ್ರೆಪದಾರ್ಥಗಳೊಡನೆ ಬಂಡಿಯೇರಿ ಹೋಗಬೇಕಾಗಿತ್ತಲ್ಲವೆ? ಪೋಲೀಸರ ಕಣ್ಣು ಬಡವರ ಕೇರಿಯ ಮೇಲೆಯೇ ಹೆಚ್ಚೆಂದು ಮುಂದಿನ ಪಂಡಿತರು ಆಕ್ಷೇಪಿಸಿರುವರು, ಅದೂ ನ್ಯಾಯವೇ. ಆದರೆ ವಂಶವನ್ನು ಹಳಿಯುವವರಿಗೆ ಅದರಿಂದಲೂ ಬಲ ಬಾರದು.

ಇನ್ನು ಎರಡನೆಯ ಮಾತು. ಸಹವಾಸದಿಂದ ಸನ್ಯಾಸಿ ಕೆಟ್ಟನೆಂಬ ಗಾದೆಯುಂಟು. ಅಪರಾಧವು ಹುಟ್ಟುಗುಣವಲ್ಲ, ಆಪ್ತರಿಂದ ಕಲಿತದ್ದು ಎಂದು ಎಡ್ವಿನ್ ಸದರ್ಲೆಂಡರು 1939ರಲ್ಲಿ ಅದನ್ನೇ ಶಾಸ್ತ್ರವಾಗಿ ಹೇಳಿದರು. ಹಾಗಾದರೆ ಬಾಗಿಲು ಮುಚ್ಚುವುದೇ ಲೇಸೆ? 1969ರಲ್ಲಿ ಟ್ರಾವಿಸ್ ಹರ್ಷಿ ಎಂಬುವರು ಪ್ರಶ್ನೆಯನ್ನೇ ತಿರುಗಿಸಿದರು: ಬಹುಮಂದಿ ಹುಡುಗರು ಕೆಡದೆ ಉಳಿಯುವುದೇಕೆ? ಹಿರಿಯರಲ್ಲಿ ಮಮತೆ, ಮುಂದಿನ ಬಾಳಿನ ಆಸೆ, ಕೈತುಂಬ ಕೆಲಸ, ನೀತಿಯಲ್ಲಿ ನಂಬಿಕೆ, ಈ ನಾಲ್ಕು ಎಳೆಗಳು ಅವರನ್ನು ಹಿಡಿದಿರುತ್ತವೆಂಬುದು ಅವರ ಉತ್ತರ. ಅಂದಮೇಲೆ, ತಪ್ಪಿದ ಹುಡುಗನಿಗೆ ಎಲ್ಲ ಮನೆಗಳೂ ಬಾಗಿಲಿಕ್ಕಿದರೆ ಉಳಿದ ಎಳೆಗಳನ್ನು ನಾವೇ ಕಡಿದಂತಾಯಿತು. ಆಗ ಅವನನ್ನು ಕರೆಯುವವರು ಕೆಟ್ಟವರೇ ಹೊರತು ಬೇರಾರು?

ಷಾ ಅವರು 1930ರ ದಶಕದಲ್ಲಿ ಷಿಕಾಗೋವಿನ ಕೇರಿಗಳ ನಿವಾಸಿಗಳನ್ನೇ ಒಂದುಗೂಡಿಸಿ, ಆಟದ ಏರ್ಪಾಟುಗಳನ್ನು ಮಾಡಿಸಿ, ಶಿಕ್ಷೆ ಮುಗಿಸಿ ಮರಳಿದ ಹುಡುಗರನ್ನು ಅವರಿಂದಲೇ ಆದರಿಸುವಂತೆ ಮಾಡಿದರು. ನಮ್ಮ ಬೀದಿಯಲ್ಲಿ ಅಷ್ಟು ದೊಡ್ಡ ಏರ್ಪಾಟು ಆಗದಿರಬಹುದು. ನಮ್ಮ ಮಗನ ಗೆಳೆಯರ ಹೆಸರುಗಳನ್ನು ತಿಳಿದಿರುವುದು, ತಪ್ಪಿದ ಹುಡುಗನನ್ನೂ ಹೆಸರು ಹಿಡಿದು ಕರೆದು ಮನೆಯವರ ಕಣ್ಣೆದುರಿಗೆ ಜಗಲಿಯ ಮೇಲೆ ಕೂರಿಸಿ ಮಾತನಾಡಿಸುವುದು, ಇಷ್ಟು ಯಾವ ಗೃಹಸ್ಥನಿಗೂ ಸಾಧ್ಯ.